ರಿಲೇ ಆನ್ ಆದಾಗ ಇಎಸ್‌ಪಿ32 ರೀಸೆಟ್: ಬ್ರೌನ್‌ಔಟ್ ಆಫ್ ಮಾಡುವುದು ಹೇಗೆ? [ಬಗೆಹರಿದಿದೆ]

ಹಸಿರು_ಎಲ್‌ಇಡಿ
ಎಲ್ಲರಿಗೂ ನಮಸ್ಕಾರ. ನನ್ನ ಇಎಸ್‌ಪಿ32 (ವೈಫೈ ಇರೋ ಮೈಕ್ರೋಕಂಟ್ರೋಲರ್ ಬೋರ್ಡ್) ಪದೇ ಪದೇ ರೀಸೆಟ್ ಆಗ್ತಿದೆ. ಬ್ರೌನ್‌ಔಟ್ ಡಿಟೆಕ್ಟರ್ (ವೋಲ್ಟೇಜ್ ಕುಸಿದರೆ ಚಿಪ್ ರೀಸೆಟ್ ಮಾಡೋ ಭಾಗ) ಆಫ್ ಮಾಡೋ ಕೋಡ್ ಯಾರಾದರೂ ಕೊಡಿ. ನನ್ನ ಕೋಡ್ ಸರಿಯಾಗೇ ಇದೆ, ಬೋರ್ಡ್ ಹೊಸದು. ಸ್ಕ್ರೀನಿನ ಫೋಟೊ ಹಾಕಿದ್ದೇನೆ. ತುಂಬಾ ಅರ್ಜೆಂಟ್.

ಬಿಟ್‌ಶಿಫ್ಟ್
ಇದನ್ನ ಎಷ್ಟೋ ಸಲ ಕೇಳಿ ಆಗಿದೆ. ಮೊದಲು ಹುಡುಕಿ, ಆಮೇಲೆ ಕೇಳಿ.

ಹಸಿರು_ಎಲ್‌ಇಡಿ
ಹುಡುಕಿಯೇ ಬಂದಿದ್ದು ಸರ್. ಹೇಳೋಕೆ ಇಷ್ಟ ಇಲ್ಲದಿದ್ದರೆ ಸುಮ್ಮನಿರಬಹುದಲ್ಲ. ಬೇರೆ ಗುಂಪುಗಳಲ್ಲೂ ಕೇಳಿದ್ದೇನೆ, ಅಲ್ಲೂ ಉತ್ತರ ಇಲ್ಲ.

ತಾಮ್ರದತಂತಿ
ಇಬ್ಬರೂ ಸ್ವಲ್ಪ ತಡೆಯಿರಿ. ಬಿಟ್‌ಶಿಫ್ಟ್ ಅವರೇ, "ಹುಡುಕಿ" ಅಂದರೆ ಏನನ್ನು ಹುಡುಕಬೇಕು ಅಂತಲೂ ಹೇಳಬೇಕು. ಈ ಪ್ರಶ್ನೆಯನ್ನು ಹಾಗೇ ಹುಡುಕಿದರೆ ಮೊದಲು ಸಿಗುವುದು ಬ್ರೌನ್‌ಔಟ್ ರಿಜಿಸ್ಟರ್‌ಗೆ 0 ಬರೆಯುವ ಸಾಲು. ಅದನ್ನು ಹಾಕಿದರೆ ಎಚ್ಚರಿಕೆ ನಿಲ್ಲುತ್ತದೆ, ವೋಲ್ಟೇಜ್ ಕುಸಿಯುವುದು ನಿಲ್ಲುವುದಿಲ್ಲ. ಕಡಿಮೆ ವೋಲ್ಟೇಜಿನಲ್ಲಿ ಚಿಪ್ ಹ್ಯಾಂಗ್ ಆಗಬಹುದು. ಅದೇ ಹೊತ್ತಿಗೆ ಫ್ಲ್ಯಾಶ್ ಮೆಮೊರಿಗೆ ಏನಾದರೂ ಬರೆಯುತ್ತಿದ್ದರೆ ಉಳಿಸಿಟ್ಟ ಸೆಟ್ಟಿಂಗ್ ಕೆಡಬಹುದು.

ಹಸಿರು_ಎಲ್‌ಇಡಿ ಅವರೇ, ನೀವು ಕೇಳಿದ್ದು ನೀವೇ ಊಹಿಸಿಕೊಂಡ ಪರಿಹಾರವನ್ನು. ಸಮಸ್ಯೆ ಏನು ಅಂತ ಇನ್ನೂ ನಮಗೆ ಗೊತ್ತಾಗಿಲ್ಲ. ಏನು ಮಾಡಲು ಹೊರಟಿದ್ದೀರಿ, ಯಾವ ಬೋರ್ಡ್, ಅದಕ್ಕೆ ಏನೇನು ಜೋಡಿಸಿದ್ದೀರಿ, ಕರೆಂಟ್ ಎಲ್ಲಿಂದ ಬರುತ್ತಿದೆ, ಕೇಬಲ್ ಎಷ್ಟು ಉದ್ದ, ಸರಿಯಾಗಿ ಯಾವ ಕ್ಷಣದಲ್ಲಿ ರೀಸೆಟ್ ಆಗುತ್ತದೆ – ಇಷ್ಟು ಬರೆಯಿರಿ. ಸೀರಿಯಲ್ ಮಾನಿಟರ್ (ಬೋರ್ಡ್ ಕಳಿಸುವ ಸಂದೇಶ ತೋರಿಸುವ ಕಿಟಕಿ) ವೇಗವನ್ನು 115200ಕ್ಕೆ ಇಟ್ಟು, ರೀಸೆಟ್‌ಗೆ ಮುಂಚಿನ ಹತ್ತು ಸಾಲು ಮತ್ತು ನಂತರದ ಹತ್ತು ಸಾಲನ್ನು ಅಕ್ಷರವಾಗಿಯೇ ಕಾಪಿ ಮಾಡಿ ಹಾಕಿ. ಫೋಟೊದಿಂದ ಸಾಲನ್ನು ಎತ್ತಿ ಹುಡುಕಲು ಆಗುವುದಿಲ್ಲ. ನಿಮ್ಮ ಫೋಟೊದಲ್ಲಂತೂ ಮುಖ್ಯವಾದ ಮೊದಲ ಸಾಲೇ ಕತ್ತರಿಸಿ ಹೋಗಿದೆ. ಕೋಡ್ ಹಾಕುವ ಮುನ್ನ ವೈಫೈ ಹೆಸರು, ಪಾಸ್‌ವರ್ಡ್ ಅಳಿಸಿ.

"ಕೋಡ್ ಸರಿಯಾಗೇ ಇದೆ" ಅನ್ನುವುದನ್ನು ಬಿಡಿ. ಸರಿ ಇರಲೂಬಹುದು, ಆದರೆ ಓದುವವರು ಆ ಕಡೆ ನೋಡುವುದನ್ನೇ ನಿಲ್ಲಿಸುತ್ತಾರೆ. "ಅರ್ಜೆಂಟ್" ಕೂಡ ಬೇಡ. ಇಲ್ಲಿ ಎಲ್ಲರೂ ಬಿಡುವಿನಲ್ಲಿ ಉತ್ತರಿಸುವವರು, ವಿವರ ಪೂರ್ತಿ ಇದ್ದರೆ ಅದೇ ಬೇಗ ಉತ್ತರ ತರುತ್ತದೆ.

ನಿರ್ವಾಹಕ
ಬೇರೆಡೆ ಕೇಳುವುದು ತಪ್ಪಲ್ಲ. ಆ ಲಿಂಕ್‌ಗಳನ್ನು ಇಲ್ಲೂ ಹಾಕಿ. ಇಲ್ಲದಿದ್ದರೆ ಅಲ್ಲಿ ಆಗಲೇ ಪರೀಕ್ಷಿಸಿ ಬಿಟ್ಟದ್ದನ್ನು ಇಲ್ಲಿನವರು ಕೂತು ಮತ್ತೆ ಬರೆಯುತ್ತಾರೆ. ಈ ಚರ್ಚೆಯ ಎಳೆಯ ಶೀರ್ಷಿಕೆ "ಪ್ಲೀಸ್ ಹೆಲ್ಪ್" ಅಂತ ಇತ್ತು, ಬದಲಿಸಿದ್ದೇನೆ.

ಹಸಿರು_ಎಲ್‌ಇಡಿ
ಲಿಂಕ್ ಹಾಕಿದ್ದೇನೆ. ಪೂರ್ತಿ ವಿವರ: ಫೋನಿನಿಂದ ನಾಲ್ಕು ದೀಪ ನಿಯಂತ್ರಿಸಬೇಕು. 30 ಪಿನ್ನಿನ ಇಎಸ್‌ಪಿ32 ಡೆವ್‌ಕಿಟ್, ನಾಲ್ಕು ರಿಲೇಗಳ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) 5 ವೋಲ್ಟ್ ಬೋರ್ಡ್. ರಿಲೇಗೆ ಕರೆಂಟ್ ಇಎಸ್‌ಪಿ ಬೋರ್ಡಿನ 5 ವೋಲ್ಟ್ ಪಿನ್‌ನಿಂದ. ಲ್ಯಾಪ್‌ಟಾಪಿನ ಯುಎಸ್‌ಬಿ 2.0 ಪೋರ್ಟ್, 1.5 ಮೀಟರ್ ಕೇಬಲ್. ದೀಪಗಳನ್ನು ಇನ್ನೂ ಜೋಡಿಸಿಲ್ಲ. ಎರಡು ರಿಲೇ ಆನ್ ಆಗುವವರೆಗೆ ತೊಂದರೆ ಇಲ್ಲ, ಮೂರನೆಯದಕ್ಕೆ "ಬ್ರೌನ್‌ಔಟ್ ಡಿಟೆಕ್ಟರ್ ವಾಸ್ ಟ್ರಿಗರ್ಡ್" ಎಂದು ಬಂದು ರೀಸೆಟ್. ವೈಫೈ ಇಲ್ಲದ ಕೋಡ್ ಹಾಕಿದರೆ ನಾಲ್ಕೂ ಆನ್ ಆಗುತ್ತವೆ. ಮಲ್ಟಿಮೀಟರ್‌ನಲ್ಲಿ 5 ವೋಲ್ಟ್ ಪಿನ್ 4.7 ತೋರಿಸುತ್ತದೆ.

ಬಿಟ್‌ಶಿಫ್ಟ್
ಈಗ ಲೆಕ್ಕ ಹಾಕಬಹುದು. ವೈಫೈ ಇಲ್ಲದೆ ಸರಿ, ವೈಫೈ ಇದ್ದರೆ ಇಲ್ಲ ಅಂದಿರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ.

ಇಂಥ ರಿಲೇಯ ಕಾಯಿಲ್ (ಒಳಗಿನ ತಂತಿ ಸುರುಳಿ) ಸುಮಾರು 70 ಮಿಲಿಆಂಪಿಯರ್ ಎಳೆಯುತ್ತದೆ, ನಾಲ್ಕಕ್ಕೆ 280. ವೈಫೈ ಕಳಿಸುವಾಗ ಇಎಸ್‌ಪಿ32 ಸುಮಾರು 240, ಕ್ಷಣಮಾತ್ರ ಅದಕ್ಕಿಂತ ಹೆಚ್ಚು. ಈ ಚಿಪ್ಪಿಗೇ 500 ಮಿಲಿಆಂಪಿಯರ್ ಕೊಡಬಲ್ಲ ಸಪ್ಲೈ ಬೇಕು ಎಂದು ತಯಾರಕರೇ ಹೇಳುತ್ತಾರೆ. ಯುಎಸ್‌ಬಿ 2.0 ಪೋರ್ಟ್ ಒಟ್ಟು ಕೊಡಬೇಕಾದದ್ದೇ 500.

ಇನ್ನು ಕೇಬಲ್. ಅಗ್ಗದ ಕೇಬಲ್ಲಿನೊಳಗೆ 28 ಗೇಜಿನ ತಂತಿ ಇದ್ದರೆ ಮೀಟರಿಗೆ ಸುಮಾರು 0.21 ಓಮ್. ಹೋಗಿ ಬರುವ ದಾರಿ 3 ಮೀಟರ್, 0.5 ಆಂಪಿಯರ್‌ಗೆ 0.3 ವೋಲ್ಟ್ ಅಲ್ಲೇ ಹೋಯಿತು. ಬೋರ್ಡಿನ ಡಯೋಡ್‌ನಲ್ಲಿ ಇನ್ನೊಂದು 0.3. 5ರಲ್ಲಿ ಉಳಿಯುವುದು 4.4. ಈ ಬೋರ್ಡುಗಳಲ್ಲಿ ಸಾಮಾನ್ಯವಾಗಿರುವ ಎಎಂಎಸ್1117 ರೆಗ್ಯುಲೇಟರಿಗೆ (ವೋಲ್ಟೇಜ್ ಇಳಿಸಿ ಚಿಪ್ಪಿಗೆ ಕೊಡುವ ಭಾಗ) 3.3 ಕೊಡಲು ಸುಮಾರು 4.4 ಬೇಕೇ ಬೇಕು. ಅಂಚಿನಲ್ಲಿ ನಿಂತಿದೆ, ವೈಫೈ ಒಮ್ಮೆ ಎಳೆದರೆ ಬೀಳುತ್ತದೆ. ಮಲ್ಟಿಮೀಟರ್ ತೋರಿಸುವುದು ಸರಾಸರಿ, ಮಿಲಿಸೆಕೆಂಡಿನ ಕುಸಿತ ಅದಕ್ಕೆ ಕಾಣುವುದಿಲ್ಲ. ಹಾಗಾಗಿ 4.7 ನೋಡಿ ಸಪ್ಲೈ ಸರಿ ಇದೆ ಎನ್ನುವಂತಿಲ್ಲ.

ಮೊದಲು ಗಿಡ್ಡ, ದಪ್ಪ ಕೇಬಲ್ ಹಾಕಿ ನೋಡಿ. ಆಮೇಲೆ ರಿಲೇ ಬೋರ್ಡಿಗೆ ಬೇರೆಯೇ 5 ವೋಲ್ಟ್, 2 ಆಂಪಿಯರ್ ಅಡಾಪ್ಟರ್ ಕೊಡಿ. ಪ್ಲಸ್ ನೇರ ರಿಲೇ ಬೋರ್ಡಿಗೆ ಹೋಗಲಿ, ಇಎಸ್‌ಪಿಯ 5 ವೋಲ್ಟ್ ಪಿನ್ನಿಗೆ ತಾಗಬಾರದು. ಗ್ರೌಂಡ್ ಮಾತ್ರ ಎರಡನ್ನೂ ಸೇರಿಸಿ, ಇಲ್ಲದಿದ್ದರೆ ರಿಲೇ ಸಿಗ್ನಲ್‌ಗೆ ಸ್ಪಂದಿಸದೇ ಇರಬಹುದು. ರಿಲೇ ಬೋರ್ಡಿನ 5 ವೋಲ್ಟ್ ಮತ್ತು ಗ್ರೌಂಡ್ ನಡುವೆ 470 ಮೈಕ್ರೋಫ್ಯಾರಡ್, 16 ವೋಲ್ಟ್ ಕೆಪಾಸಿಟರ್ ಹಾಕಿ, ಪಟ್ಟಿ ಇರುವ ಕಾಲು ಗ್ರೌಂಡಿಗೆ. ಒಂದು ಬದಲಾವಣೆ, ಒಂದು ಪರೀಕ್ಷೆ, ಒಂದು ವರದಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಯಾರಿಗೂ ತಿಳಿಯುವುದಿಲ್ಲ. ಇದೆಲ್ಲ ಮುಗಿಯುವವರೆಗೆ ಮೇನ್ಸ್ ವಿದ್ಯುತ್ ಜೋಡಿಸಲೇಬೇಡಿ.

ಹಸಿರು_ಎಲ್‌ಇಡಿ
ಕೇಬಲ್ ಮಾತ್ರ ಬದಲಿಸಿದಾಗ: ಮೂರು ರಿಲೇ ಸರಿ, ನಾಲ್ಕನೆಯದಕ್ಕೆ ಆಗಾಗ ರೀಸೆಟ್. ಬೇರೆ ಅಡಾಪ್ಟರ್, ಗ್ರೌಂಡ್ ಸೇರಿಸಿ, ಕೆಪಾಸಿಟರ್ ಇಲ್ಲದೆ: ನಾಲ್ಕೂ ಸರಿ, ವೈಫೈ ಬಿಟ್ಟು ಮತ್ತೆ ಸೇರಿದಾಗಲೂ ರೀಸೆಟ್ ಇಲ್ಲ. ಕೆಪಾಸಿಟರನ್ನೂ ಹಾಕಿಬಿಟ್ಟಿದ್ದೇನೆ. ಬ್ರೌನ್‌ಔಟ್ ಡಿಟೆಕ್ಟರ್ ಆನ್ ಆಗಿಯೇ ಇದೆ. ಬೇರೆ ಗುಂಪುಗಳಲ್ಲೂ ಇದೇ ಉತ್ತರ ಬರೆದೆ. ಇಬ್ಬರಿಗೂ ಧನ್ಯವಾದ.

ಮಿಂಚುಳ್ಳಿ
ನನಗೂ ಇದೇ ಸಮಸ್ಯೆ! ಇಎಸ್‌ಪಿ8266, ರಿಲೇ ಹಾಕಿದರೆ ಬೂಟ್ ಆಗೋದೇ ಇಲ್ಲ.

ತಾಮ್ರದತಂತಿ
ನಿಮ್ಮದು ಬೇರೆ ಇರುವ ಹಾಗಿದೆ. ಚಾಲೂ ಆದ ಮೇಲೆ ಬೀಳುವುದು ಒಂದು, ಚಾಲೂ ಆಗದೇ ಇರುವುದು ಇನ್ನೊಂದು. ಇಎಸ್‌ಪಿ8266 ಬೂಟ್ ಆಗುವಾಗ ಜಿಪಿಐಒ ಪಿನ್ 0 ಮತ್ತು 2 ಮೇಲೆ (ಹೈ), 15 ಕೆಳಗೆ (ಲೋ) ಇರಬೇಕು. ರಿಲೇ ಬೋರ್ಡ್ ಇವುಗಳಲ್ಲಿ ಯಾವುದನ್ನಾದರೂ ತಪ್ಪು ಕಡೆಗೆ ಎಳೆದರೆ ಬೂಟ್ ನಿಲ್ಲುತ್ತದೆ. ಹೊಸ ಎಳೆ ತೆರೆದು, ಯಾವ ರಿಲೇ ಯಾವ ಪಿನ್ನಿಗೆ ಎಂದು ಬರೆಯಿರಿ, "ಬೂಟ್ ಮೋಡ್" ಸಾಲಿನ ಅಂಕಿಗಳನ್ನೂ ಹಾಗೇ ಕಾಪಿ ಮಾಡಿ. ಅಲ್ಲಿ ನೋಡೋಣ.