ಟೆರೇಸಿನ ಪತ್ರಾ ಶೆಡ್ಡಿಗೆ ಗಾಳಿಯ ಲೆಕ್ಕ: ಸಿಎಫ್‌ಡಿ ಕೊಟ್ಟ ಅಂಕಿಯನ್ನು ಹಿಡಿಯಬಹುದೇ?

ಡೊಂಬಿವಲಿಯ ಎಂಜಿನಿಯರ್ (ಪ್ರಶ್ನೆ)

ನಮಸ್ಕಾರ. ಡೊಂಬಿವಲಿಯ 14 ಮಹಡಿಯ ಒಂದು ಹೌಸಿಂಗ್ ಸೊಸೈಟಿಯವರು ಮಳೆಗಾಲದ ಸೋರಿಕೆಗೆ ಬೇಸತ್ತು ಟೆರೇಸಿನ ಮೇಲೆ ಪತ್ರಾ (ತಗಡಿನ) ಶೆಡ್ ಹಾಕಿಸುತ್ತಿದ್ದಾರೆ. ಅದರ ವಿನ್ಯಾಸ ನನ್ನ ಪಾಲಿಗೆ ಬಂದಿದೆ. 2024ರ ಮೇ 13ರಂದು ಘಾಟ್ಕೋಪರ್‌ನಲ್ಲಿ 120 ಅಡಿ ಅಗಲ, ಅಷ್ಟೇ ಎತ್ತರದ ಹೋರ್ಡಿಂಗ್ ಬಿರುಗಾಳಿಗೆ ಪೆಟ್ರೋಲ್ ಪಂಪಿನ ಮೇಲೆ ಕುಸಿದಂದಿನಿಂದ ಸಮಿತಿಯವರು ಗಾಳಿಯ ಲೆಕ್ಕವನ್ನು ತಾವಾಗಿಯೇ ಕೇಳುತ್ತಾರೆ.

ಕಟ್ಟಡದ ಎತ್ತರ ಸುಮಾರು 45 ಮೀಟರ್. ಶೆಡ್ಡಿಗೆ ನಾಲ್ಕೂ ಕಡೆ ಗೋಡೆಯಿಲ್ಲ, ಇಳಿಜಾರು ಕಡಿಮೆ. ಸಿಎಫ್‌ಡಿಯ, ಎಂದರೆ ಗಾಳಿಯ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ, ಓಪನ್‌ಫೋಮ್ ತಂತ್ರಾಂಶದಲ್ಲಿ ಕಟ್ಟಡದ ಮಾದರಿ ಮಾಡಿ, ಗಾಳಿಯ ಕ್ಷೋಭೆಗೆ (ಸುಳಿ, ಏರಿಳಿತಗಳಿಗೆ) ಸ್ಟ್ಯಾಂಡರ್ಡ್ ಕೆ-ಎಪ್ಸಿಲಾನ್ ಎಂಬ ಮಾದರಿ ಬಳಸಿ, ಪಶ್ಚಿಮದ ಗೋಡೆಗೆ ನೇರವಾಗಿ ಸೆಕೆಂಡಿಗೆ 44 ಮೀಟರ್ ವೇಗದ ಗಾಳಿಯನ್ನು ಎಲ್ಲ ಎತ್ತರಕ್ಕೂ ಒಂದೇ ಸಮನಾಗಿ ಬಿಟ್ಟೆ. ಪತ್ರಾದ ಮೇಲಿನ ಎಳೆತ ಚದರ ಮೀಟರಿಗೆ ಸುಮಾರು 600 ನ್ಯೂಟನ್ ಬಂತು. ಗಾಳಿಯ ಭಾರದ ಭಾರತೀಯ ಸಂಹಿತೆಯಾದ ಐಎಸ್ 875 ಭಾಗ 3ರ ಪ್ರಕಾರ ಮೂಲೆಗಳಲ್ಲಿ ಇದರ ಎರಡು ಪಟ್ಟಿಗೂ ಹೆಚ್ಚು ಬರುತ್ತದೆ. ‘ತೌಕ್ತೆ ಚಂಡಮಾರುತ ಬಂದಾಗಲೇ ಕೊಲಾಬಾದಲ್ಲಿ ಗಂಟೆಗೆ 114 ಕಿ.ಮೀ. ಇತ್ತು, ನೀವು 158 (ಸೆಕೆಂಡಿಗೆ 44 ಮೀಟರ್) ಹಿಡಿದು ಉಕ್ಕು ಏಕೆ ಹೆಚ್ಚಿಸುತ್ತೀರಿ’ ಎಂಬುದು ಗುತ್ತಿಗೆದಾರರ ವಾದ. ಕಂಪ್ಯೂಟರಿನ ಅಂಕಿಯನ್ನೇ ಹಿಡಿದರೆ ತಪ್ಪಾಗುತ್ತದೆಯೇ?

ಪುಣೆ, ಹಿಂಜವಡಿ

ಆಗುತ್ತದೆ. ಗುತ್ತಿಗೆದಾರರ ಮಾತನ್ನು ಮೊದಲು ಮುಗಿಸೋಣ. 2021ರ ಮೇ 17ರಂದು ತೌಕ್ತೆ ಮುಂಬೈಯನ್ನು ಸಮುದ್ರದಲ್ಲಿಯೇ ದಾಟಿ ಗುಜರಾತಿನ ಕರಾವಳಿಯನ್ನು ತಲುಪಿತು. ಅದರ ನಡುಭಾಗ ನಗರದ ಮೇಲೆ ಬರಲೇ ಇಲ್ಲ. ಮುಂಬೈಗೆ ಸಂಹಿತೆ ಹೇಳುವ 44 ಎಂಬುದು ಬಯಲಿನಲ್ಲಿ, ನೆಲದಿಂದ 10 ಮೀಟರ್ ಎತ್ತರದಲ್ಲಿ, ಮೂರು ಸೆಕೆಂಡಿನ ಬೀಸಿಗೆ, 50 ವರ್ಷದ ಮರುಕಳಿಕೆಯ ಅವಧಿಗೆ ನಿಗದಿಯಾದ ವೇಗ. ನಮ್ಮ ಪುಣೆಗೂ ಪಣಜಿಗೂ ಅದು 39. ಒತ್ತಡವು ವೇಗದ ವರ್ಗದೊಂದಿಗೆ ಏರುವುದರಿಂದ ಈ ಐದರ ವ್ಯತ್ಯಾಸವೇ ಮುಂಬೈಯ ಭಾರವನ್ನು ಕಾಲು ಪಾಲಿಗಿಂತ ಹೆಚ್ಚು ಮೇಲಕ್ಕೆ ಒಯ್ಯುತ್ತದೆ. ನಿಮ್ಮ ಟೆರೇಸಿನ ಎತ್ತರಕ್ಕೆ, ಮೂರನೆಯ ವರ್ಗದ (ಕಟ್ಟಡ, ಮರಗಳು ಒತ್ತಾಗಿರುವ) ಭೂಪ್ರದೇಶಕ್ಕೆ, 50 ಮೀಟರಿನ ಗುಣಾಂಕ 1.12 ಹಿಡಿದರೆ ವೇಗ 49.3 ಆಗಿ, ಒತ್ತಡ ಚದರ ಮೀಟರಿಗೆ ಸುಮಾರು 1,457 ನ್ಯೂಟನ್ ಆಗುತ್ತದೆ. ಇದು ಹತ್ತಿರ ಹತ್ತಿರ 150 ಕಿಲೋದ ಭಾರ. ಅರ್ಧ ಮಿಲಿಮೀಟರಿನ ಪತ್ರಾ ಚದರ ಮೀಟರಿಗೆ ನಾಲ್ಕೈದು ಕಿಲೋ ತೂಗುತ್ತದೆ, ಅಷ್ಟೇ.

ಇನ್ನು ನಿಮ್ಮ ಮಾದರಿಗೆ ಬರುತ್ತೇನೆ. ಮೂರು ಸೆಕೆಂಡಿನ ಬೀಸಿನ ವೇಗವನ್ನು ನೀವು ಸದಾ ಬೀಸುವ ಸರಾಸರಿ ವೇಗವೆಂಬಂತೆ ಪ್ರವೇಶದಲ್ಲಿ (ಗಾಳಿ ಮಾದರಿಯೊಳಗೆ ಬರುವ ಕಡೆ) ಕೊಟ್ಟಿದ್ದೀರಿ, ಅದೂ ನೆಲದಿಂದ ತುದಿಯವರೆಗೆ ಒಂದೇ ಆಗಿ. ಅದೇ ಸಂಹಿತೆಯ ಸೂತ್ರದಂತೆ ಬಯಲಿನ 10 ಮೀಟರಿನಲ್ಲಿ ಗಂಟೆಯ ಸರಾಸರಿ ಸುಮಾರು 29.5 ಮೀಟರ್ ಮಾತ್ರ, ಉಳಿದದ್ದು ಏರಿಳಿತ. ಎತ್ತರದೊಂದಿಗೆ ವೇಗ ಹೇಗೆ ಏರುತ್ತದೆ, ಗಾಳಿಯಲ್ಲಿ ಕ್ಷೋಭೆ ಎಷ್ಟಿದೆ ಎಂಬೆರಡನ್ನೂ ಪ್ರವೇಶದಲ್ಲಿ ಕೊಡಬೇಕು. ಕೊಟ್ಟ ಮೇಲೂ, ಕಟ್ಟಡವನ್ನು ತೆಗೆದು ಖಾಲಿ ಪೆಟ್ಟಿಗೆಯಲ್ಲಿ ಒಮ್ಮೆ ಓಡಿಸಿ, ಕಟ್ಟಡ ನಿಲ್ಲುವ ಜಾಗದವರೆಗೆ ಆ ವೇಗರೇಖೆ ಹಾಗೆಯೇ ಉಳಿಯುತ್ತದೆಯೇ ಎಂದು ನೋಡದೆ ಮುಂದೆ ಹೋಗಬೇಡಿ. ನೆಲದ ಒರಟುತನವನ್ನು ಸರಿಯಾಗಿ ಕೊಡದಿದ್ದರೆ ಅದು ದಾರಿಯಲ್ಲಿಯೇ ಬದಲಾಗಿಬಿಡುತ್ತದೆ. ಬಹಳ ಜನ ಈ ಪರೀಕ್ಷೆಯನ್ನು ಬಿಟ್ಟು ಬಣ್ಣದ ಚಿತ್ರಕ್ಕೆ ಹಾರುತ್ತಾರೆ.

ಸ್ಟ್ಯಾಂಡರ್ಡ್ ಕೆ-ಎಪ್ಸಿಲಾನ್‌ನ ದೋಷ ಹಳೆಯದು. ಗಾಳಿ ಗೋಡೆಗೆ ಬಡಿಯುವ ಅಂಚಿನಲ್ಲಿ ಅದು ಕ್ಷೋಭೆಯ ಶಕ್ತಿಯನ್ನು ಮಿತಿಮೀರಿ ಹುಟ್ಟಿಸುತ್ತದೆ. ಆಗ ಛಾವಣಿಯ ಮುಂಚೂಣಿಯಲ್ಲಿ ಬೇರ್ಪಡಬೇಕಾದ ಹರಿವು ಬೇರ್ಪಡದೆ ಅಂಟಿಕೊಂಡೇ ಸಾಗಿ, ಎಳೆತದ ಚಿತ್ರವೇ ಕೆಡುತ್ತದೆ.

ಡೊಂಬಿವಲಿಯ ಎಂಜಿನಿಯರ್

ಧನ್ಯವಾದ ಸರ್. ಕೆ-ಎಪ್ಸಿಲಾನ್ ಬದಲು ಕೆ-ಒಮೆಗಾ ಎಸ್‌ಎಸ್‌ಟಿ ಎಂಬ ಇನ್ನೊಂದು ಕ್ಷೋಭೆಯ ಮಾದರಿ ಬಳಸಿ, ಪ್ರವೇಶವನ್ನು ತಿದ್ದಿದರೆ ಮೂಲೆಯ ಅಂಕಿ ಸಿಗಬಹುದೇ?

ಮುಂಬೈ, ಪೊವಾಯಿ (ಸಿಎಫ್‌ಡಿ ಕೆಲಸ)

ಸರಾಸರಿ ಅಂಕಿ ಸುಧಾರಿಸುತ್ತದೆ. ನಿಮಗೆ ಬೇಕಾದ ಅಂಕಿ ಮಾತ್ರ ಅದರಿಂದ ಹೊರಬರುವುದಿಲ್ಲ. ಈ ಬಗೆಯ ಮಾದರಿಗಳೆಲ್ಲ ಕಾಲದ ಸರಾಸರಿಯನ್ನೇ ಲೆಕ್ಕ ಹಾಕುತ್ತವೆ, ಆದರೆ ಪತ್ರಾವನ್ನು ಕೀಳುವುದು ಕ್ಷಣಮಾತ್ರದ ಶಿಖರ. ಅದಕ್ಕೆ ಎಲ್‌ಇಎಸ್ ಬೇಕು, ಎಂದರೆ ದೊಡ್ಡ ಸುಳಿಗಳನ್ನು ಕಾಲಕಾಲಕ್ಕೆ ಬಿಡಿಸುವ ಲೆಕ್ಕ; ಲ್ಯಾಪ್‌ಟಾಪಿನಲ್ಲಿ ಮುಗಿಯುವ ಕೆಲಸವಲ್ಲ, ಒಂದು ಪತ್ರಾ ಶೆಡ್ಡಿಗೆ ತಕ್ಕುದೂ ಅಲ್ಲ.

ಗಾಳಿಯ ದಿಕ್ಕಿನ ಬಗ್ಗೆ ಯಾರೂ ಹೇಳಲಿಲ್ಲ. ಚಪ್ಪಟೆ ಛಾವಣಿಯ ಮೂಲೆಯಲ್ಲಿ ಅತಿ ಹೆಚ್ಚಿನ ಎಳೆತ ಹುಟ್ಟುವುದು ಗಾಳಿ ಗೋಡೆಗೆ ನೇರವಾಗಿ ಬಂದಾಗಲ್ಲ, ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಬಂದಾಗ. ಆಗ ಮೂಲೆಯ ತುದಿಯಿಂದ ಎರಡು ಅಂಚುಗಳ ಗುಂಟ ಎರಡು ಸುಳಿಗಳು ಶಂಕುವಿನಾಕಾರದಲ್ಲಿ ಅಗಲವಾಗುತ್ತ ಹೊರಡುತ್ತವೆ, ಅವುಗಳ ಕೆಳಗಿನ ಕಿರಿದಾದ ಪಟ್ಟಿಯಲ್ಲಿ ಒತ್ತಡ ಪಾತಾಳಕ್ಕಿಳಿಯುತ್ತದೆ. ಪ್ಯಾರಪೆಟ್ಟಿನ ಎತ್ತರ, ಲಿಫ್ಟ್ ಕೋಣೆ, ನೀರಿನ ಟ್ಯಾಂಕ್ ಇವೆಲ್ಲ ಈ ಸುಳಿಗಳನ್ನು ಎತ್ತುತ್ತವೆ ಇಲ್ಲವೇ ಒಡೆಯುತ್ತವೆ, ಆದ್ದರಿಂದ ಅವಿಲ್ಲದ ಮಾದರಿಗೆ ಅರ್ಥ ಕಡಿಮೆ. ಮೇಲಾಗಿ ನಿಮ್ಮ ಶೆಡ್ ತೆರೆದದ್ದು: ಕೆಳಗಿನಿಂದ ತಳ್ಳುವ ಒತ್ತಡವನ್ನೂ ಕೂಡಿಸಿದ ನಿವ್ವಳ ಅಂಕಿ ಬೇಕು. ನೀವು ಹೇಳುವ 600 ಬರೀ ಮೇಲ್ಮೈಯದೇ, ಎರಡೂ ಮೈಯದೇ ಎಂಬುದು ಪ್ರಶ್ನೆಯಿಂದ ತಿಳಿಯುತ್ತಿಲ್ಲ.

ಹಾಗೆಂದು ಸಿಎಫ್‌ಡಿ ವ್ಯರ್ಥವೆಂದು ನಾನು ಹೇಳುವುದಿಲ್ಲ, ಪುಣೆಯವರೂ ಹೇಳಿಲ್ಲ. ಪಕ್ಕದಲ್ಲಿ ಹೊಸ ಟವರ್ ಎದ್ದಿದ್ದರೆ ಎರಡರ ನಡುವೆ ಗಾಳಿ ಎಲ್ಲಿ ರಭಸಗೊಳ್ಳುತ್ತದೆ, ಯಾವ ದಿಕ್ಕು ಕೆಟ್ಟದ್ದು ಎಂಬುದನ್ನು ಅದು ಚೆನ್ನಾಗಿ ತೋರಿಸುತ್ತದೆ; ಸಂಹಿತೆಯ ಕೋಷ್ಟಕಕ್ಕೆ ನಿಮ್ಮ ಗಲ್ಲಿಯ ಪರಿಚಯವಿಲ್ಲ. ಕಟ್ಟಡದ ಮುಂದೆ ಎತ್ತರದ ಐದು ಪಟ್ಟು, ಹಿಂದೆ 15 ಪಟ್ಟು ಜಾಗ ಬಿಡಿ, ಅಡ್ಡಕೊಯ್ತದಲ್ಲಿ ಕಟ್ಟಡ ತಡೆಯುವ ಪಾಲು ಶೇಕಡಾ 3 ಮೀರದಿರಲಿ. ಕೈ ಪಳಗಿಸಲು ಇಂಗ್ಲೆಂಡಿನ ಸಿಲ್ಸೋದಲ್ಲಿ ಪ್ರಯೋಗಕ್ಕೆಂದು ಕಟ್ಟಿದ್ದ 6 ಮೀಟರಿನ ಘನಾಕೃತಿಯನ್ನು ಮೊದಲು ಮಾದರಿ ಮಾಡಿ. ಬಯಲಿನಲ್ಲಿ ನಿಜವಾದ ಗಾಳಿಯಲ್ಲಿ ಅಳೆದ ಒತ್ತಡಗಳು ಅದಕ್ಕೆ ಲಭ್ಯವಿವೆ, ನಿಮ್ಮ ಛಾವಣಿಗೆ ಇಲ್ಲ.

ಗೋವಾ, ಮಡಗಾಂವ್

ನಾನು ಶೆಡ್ ಕಟ್ಟಿಸುವವನು, ಸಾಫ್ಟ್‌ವೇರಿನವನಲ್ಲ. ಪತ್ರಾ ಹಾರಿಹೋದ ಕಡೆ ಹೋಗಿ ನೋಡಿದರೆ ಸ್ಕ್ರೂ ಬಹಳ ಸಲ ಪರ್ಲಿನ್ನಿನಲ್ಲಿಯೇ (ಪತ್ರಾ ಹೊರುವ ಅಡ್ಡಪಟ್ಟಿಯಲ್ಲಿ) ನಿಂತಿರುತ್ತದೆ, ವಾಶರಿನ ಸುತ್ತ ಪತ್ರಾವೇ ಸೀಳಿರುತ್ತದೆ. 1974ರ ಡಿಸೆಂಬರ್ 25ರಂದು ಆಸ್ಟ್ರೇಲಿಯಾದ ಡಾರ್ವಿನ್ ನಗರವನ್ನು ಟ್ರೇಸಿ ಚಂಡಮಾರುತ ನೆಲಸಮ ಮಾಡಿದಾಗ ಕಂಡದ್ದೂ ಇದೇ: ಗಾಳಿ ಎಳೆದು ಬಿಟ್ಟು, ಎಳೆದು ಬಿಟ್ಟು, ತಗಡು ಸ್ಕ್ರೂ ಸುತ್ತ ದಣಿದು ಬಿರುಕುಬಿಟ್ಟಿತು. ಸರಾಸರಿಯ ಅಂಕಿಯಲ್ಲಿ ಈ ಬಡಿತ ಎಲ್ಲಿದೆ? ಸಮುದ್ರದ ಉಪ್ಪುಗಾಳಿ ಸ್ಕ್ರೂ ತೂತಿನಿಂದಲೇ ತುಕ್ಕು ಆರಂಭಿಸುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ. ಅಂಚು ಮತ್ತು ಮೂಲೆಗಳಲ್ಲಿ ಪರ್ಲಿನ್ ಮತ್ತು ಸ್ಕ್ರೂಗಳನ್ನು ಒತ್ತೊತ್ತಾಗಿ ಇಡುವುದಕ್ಕೆ ಗುತ್ತಿಗೆದಾರರು ಹೆದರುವಷ್ಟು ಖರ್ಚಾಗುವುದಿಲ್ಲ.

ಪುಣೆ, ಹಿಂಜವಡಿ

ಮಡಗಾಂವಿನವರ ಮಾತಿಗೆ ಒಂದನ್ನು ಜೋಡಿಸುತ್ತೇನೆ. ಪತ್ರಾ ನಿಂತರೆ ಎಳೆತ ಕಂಬಕ್ಕೆ ಇಳಿಯುತ್ತದೆ. ಒಂದು ಕಂಬದ ಪಾಲಿಗೆ 20 ಚದರ ಮೀಟರ್ ಬಂದರೆ, ಮೇಲಿನ 1,457ಕ್ಕೆ ಒತ್ತಡದ ಗುಣಾಂಕವನ್ನು ಒಂದೆಂದೇ ಹಿಡಿದರೂ, ಮೇಲೆಳೆತ 29 ಕಿಲೋನ್ಯೂಟನ್, ಅಂದರೆ ಸುಮಾರು ಮೂರು ಟನ್. ಮುಂಬೈಯ ಟೆರೇಸುಗಳಲ್ಲಿ ಸ್ಲ್ಯಾಬಿನ ಮೇಲೆ ಇಟ್ಟಿಗೆ ಚೂರಿನ ಕೋಬಾ ಇರುತ್ತದೆ. ಬೇಸ್ ಪ್ಲೇಟಿನ ಬೋಲ್ಟುಗಳನ್ನು ಆ ಕೋಬಾದಲ್ಲಿಯೇ ನಿಲ್ಲಿಸಿದ ಶೆಡ್ಡುಗಳು ಬೇಕಾದಷ್ಟಿವೆ. ಕೋಬಾ ಭಾರ ಹೊರುವ ಕಾಂಕ್ರೀಟ್ ಅಲ್ಲ, ಎಳೆತಕ್ಕೆ ಅದು ಆಧಾರವೇ ಅಲ್ಲ. ಅದನ್ನು ಬಿಡಿಸಿ ಬೋಲ್ಟನ್ನು ಸ್ಲ್ಯಾಬಿಗೆ, ಸಾಧ್ಯವಿದ್ದಲ್ಲಿ ಕೆಳಗಿನ ತೊಲೆ–ಕಂಬಗಳ ನೇರಕ್ಕೆ, ಒಯ್ಯಬೇಕೆಂದೂ, ಬಿಡಿಸಿದಲ್ಲಿ ವಾಟರ್‌ಪ್ರೂಫಿಂಗ್ ಮತ್ತೆ ಮಾಡಬೇಕೆಂದೂ ನಕ್ಷೆಯಲ್ಲಿಯೇ ಬರೆಯಿರಿ. ಸ್ಲ್ಯಾಬಿನ ಮೂಲ ನಕ್ಷೆಗಳನ್ನು ಸೊಸೈಟಿಯಿಂದ ಕೇಳಿ ಪಡೆಯಿರಿ. ಸಿಗದಿದ್ದರೆ ಕೆಲವು ಬೋಲ್ಟುಗಳಿಗಾದರೂ ಸ್ಥಳದಲ್ಲಿ ಎಳೆತದ ಪರೀಕ್ಷೆ ಮಾಡಿಸಿ, ಆಮೇಲೆ ಸಹಿ ಹಾಕಿ.