ಮನೆಯಲ್ಲೇ ಕಟ್ಟುವ ಹಗುರ ಟ್ರೈಲರ್: ತೂಕ ಇಳಿಸಬೇಕೋ, ಎತ್ತರ ಇಳಿಸಬೇಕೋ?

ದಾರಿಹೋಕ:
ಸಣ್ಣ ಕಾರಿನ ಹಿಂದೆ ಎಳೆದೊಯ್ಯಲು, ಇಬ್ಬರು ಮಲಗುವಷ್ಟು ಜಾಗವಿರುವ ಟ್ರೈಲರ್ ಒಂದನ್ನು ಮನೆಯಲ್ಲೇ ಕಟ್ಟಲು ಹೊರಟಿದ್ದೇನೆ. ಅಗಲ 1.8 ಮೀಟರ್, ಎತ್ತರ ನೆಲದಿಂದ 2 ಮೀಟರ್, ಮುಂಭಾಗ ನೇರ ಗೋಡೆ. ಸಾಮಾನು ತುಂಬಿದರೆ 500 ಕಿಲೋ. ಇಂಧನ ಉಳಿಸಬೇಕೆಂಬುದೇ ಮುಖ್ಯ ಗುರಿ. ಉಕ್ಕಿನ ಬದಲು ಅಲ್ಯೂಮಿನಿಯಂ ಚೌಕಟ್ಟು, ಪ್ಲೈವುಡ್ ಬದಲು ಫೋಮ್ ಹಲಗೆ ಬಳಸಿ 100 ಕಿಲೋ ಇಳಿಸುವ ಯೋಚನೆಯಿದೆ. ಇನ್ನೆಲ್ಲಿ ತೂಕ ಕಡಿಮೆ ಮಾಡಬಹುದು?

ಗಾಳಿಲೆಕ್ಕ:
ತೂಕದ ಮಾತು ಆಮೇಲೆ, ಮೊದಲು ಎತ್ತರ ನೋಡಿ. ನಿಮ್ಮ ಕಾರಿನ ಎತ್ತರ 1.5 ಮೀಟರ್ ಎಂದುಕೊಳ್ಳೋಣ. ಅದರ ಮೇಲೆ ಅರ್ಧ ಮೀಟರ್ ಎತ್ತರ, 1.8 ಮೀಟರ್ ಅಗಲದ ಗೋಡೆ ಗಾಳಿಗೆ ಎದೆಯೊಡ್ಡಿ ನಿಲ್ಲುತ್ತದೆ, ಅಂದರೆ 0.9 ಚದರ ಮೀಟರ್. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅಷ್ಟು ಚಪ್ಪಟೆ ಗೋಡೆಯ ಮೇಲೆ ಬೀಳುವ ಗಾಳಿಯ ಎಳೆತ ಒರಟು ಲೆಕ್ಕದಲ್ಲಿ 270 ನ್ಯೂಟನ್. ಇನ್ನು ತೂಕಕ್ಕೆ ಬನ್ನಿ. ಟೈರುಗಳ ಉರುಳುವಿಕೆಗೆ ಬೇಕಾಗುವ ಬಲ ಸಾಮಾನ್ಯವಾಗಿ ತೂಕದ ನೂರರಲ್ಲೊಂದು ಪಾಲು. ನೀವು ಕಷ್ಟಪಟ್ಟು ಇಳಿಸುವ 100 ಕಿಲೋದಿಂದ ಸಮತಟ್ಟು ರಸ್ತೆಯಲ್ಲಿ ಉಳಿಯುವುದು ಸುಮಾರು 10 ನ್ಯೂಟನ್ ಮಾತ್ರ. ಮಲಗುವುದಕ್ಕೆ ತಾನೇ ಈ ಟ್ರೈಲರ್? ನಿಲ್ಲುವಷ್ಟು ಎತ್ತರ ಯಾಕೆ?

ಏರುದಾರಿ:
ಗಾಳಿಲೆಕ್ಕ ಅವರೇ, ನಿಮ್ಮ ಲೆಕ್ಕ ಸಮತಟ್ಟಾದ ಹೆದ್ದಾರಿಗೆ ಸರಿ. ನಾನು ಓಡಾಡುವುದು ಗುಡ್ಡಗಾಡಿನಲ್ಲಿ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ಅದೇ 100 ಕಿಲೋ ಸುಮಾರು 59 ನ್ಯೂಟನ್ ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಇಳಿಯುವಾಗ ಅದು ವಾಪಸ್ ಬರುತ್ತದೆ ಎನ್ನಬೇಡಿ, ತಿರುವುಗಳಿರುವ ರಸ್ತೆಯಲ್ಲಿ ಅರ್ಧಕ್ಕರ್ಧ ಬ್ರೇಕಿನ ಶಾಖವಾಗಿ ಹೋಗುತ್ತದೆ. ಊರೊಳಗಿನ ಸಿಗ್ನಲ್‌ಗಳದೂ ಇದೇ ಕಥೆ. 60ರ ವೇಗದಿಂದ ಒಮ್ಮೆ ಪೂರ್ತಿ ನಿಂತರೆ ಆ 100 ಕಿಲೋ ಕಳೆದುಕೊಳ್ಳುವ ಶಕ್ತಿಯಲ್ಲಿ ಅದನ್ನೇ ಸಮತಟ್ಟಿನಲ್ಲಿ 1.4 ಕಿಲೋಮೀಟರ್ ಉರುಳಿಸಬಹುದು. ತೂಕವನ್ನು ಇಷ್ಟು ಹಗುರವಾಗಿ ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ.

ಗಾಳಿಲೆಕ್ಕ:
ಗುಡ್ಡದ ಮಾತು ಒಪ್ಪಿದೆ. 50ರ ವೇಗದಲ್ಲಿ ಆ ಗೋಡೆಯ ಎಳೆತವೂ ನೂರು ನ್ಯೂಟನ್‌ಗೆ ಇಳಿಯುತ್ತದೆ, ಏಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಆದರೂ ಆ ನೂರು 59ಕ್ಕಿಂತ ದೊಡ್ಡದು! ಮೇಲಾಗಿ, ತೂಕ ಇಳಿಸಲು ದುಬಾರಿ ಸಾಮಗ್ರಿ ಬೇಕು. ಎತ್ತರ ಇಳಿಸಿದರೆ ಸಾಮಗ್ರಿಯೇ ಕಡಿಮೆ ಸಾಕು, ತೂಕ ತಾನಾಗಿಯೇ ಇಳಿಯುತ್ತದೆ.

ಅಂಚುಗಳನ್ನು ದುಂಡಗೆ ಮಾಡುವುದನ್ನೂ ಮರೆಯಬೇಡಿ. 1970ರ ದಶಕದಲ್ಲಿ ನಾಸಾದ ಎಂಜಿನಿಯರುಗಳು ಒಂದು ವ್ಯಾನಿಗೆ ಅಲ್ಯೂಮಿನಿಯಂ ತಗಡಿನ ಹೊದಿಕೆ ತೊಡಿಸಿ, ಚೂಪು ಮೂಲೆಗಳ ಪೆಟ್ಟಿಗೆಯಾಗಿಸಿ ಓಡಿಸಿದರು. ಬಳಿಕ ನಿಂತ ಮೂಲೆಗಳನ್ನಷ್ಟೇ ದುಂಡಾಗಿಸಿದರು, ಎಳೆತ ಶೇ 40ರಷ್ಟು ಇಳಿಯಿತು. ಅಡ್ಡ ಅಂಚುಗಳನ್ನೂ ದುಂಡಾಗಿಸಿದಾಗ ಇಳಿಕೆ ಶೇ 54 ಮುಟ್ಟಿತು. ಇದಕ್ಕಾಗಿ ಬಿಟ್ಟುಕೊಟ್ಟ ಒಳಜಾಗ ಶೇ 3ರಷ್ಟು. ಮರಗೆಲಸ ಬಲ್ಲ ಯಾರಿಗಾದರೂ ಇದು ಸಾಧ್ಯ. ಹಿಂಭಾಗದ ಚಾವಣಿಯನ್ನು ಮಾತ್ರ ನಿಧಾನವಾಗಿ ಇಳಿಸಿ. ಇಳಿಜಾರು 10–15 ಡಿಗ್ರಿ ಮೀರಿದರೆ ಗಾಳಿ ಮೈಬಿಟ್ಟು ಸುಳಿಯಾಗುತ್ತದೆ. ನೋಡಲು ಚೆಂದವೆಂದು ಬೆನ್ನನ್ನು ಗಕ್ಕನೆ ಬಾಗಿಸಿದ ಎಷ್ಟೋ ಟ್ರೈಲರ್‌ಗಳಲ್ಲಿ ಆ ಬಾಗಿನಿಂದ ಸಿಗುವ ಲಾಭ ಅಷ್ಟಕ್ಕಷ್ಟೇ.

ಉಳಿಬಾಚಿ:
ಸಾಮಗ್ರಿಯ ಬಗ್ಗೆ ನನ್ನದೊಂದು ಮಾತು. ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದು ಪಾಲು ತೂಗುತ್ತದೆ ನಿಜ, ಅದರ ಬಿಗುವೂ ಮೂರನೇ ಒಂದೇ. ಅದೇ ಅಳತೆಯ ಕೊಳವೆ ಹಾಕಿದರೆ ಮೂರು ಪಟ್ಟು ಬಳುಕುತ್ತದೆ. ಬೆಸುಗೆಯ ಶಾಖ ತಾಗಿದಲ್ಲಿ ಬಲವೂ ಕುಗ್ಗುತ್ತದೆ, ಕುಲುಕಾಟಕ್ಕೆ ಬಿರುಕು ಬಿಡುವ ಅಪಾಯವಿದೆ. ಬೆಸುಗೆಯಲ್ಲಿ ನುರಿತ ಕೈ ಇಲ್ಲದಿದ್ದರೆ ಚೌಕಟ್ಟು ಉಕ್ಕಿನದೇ ಇರಲಿ ಎಂದು ಖಂಡಿತವಾಗಿ ಹೇಳುತ್ತೇನೆ.

ಫೋಮ್ ಗೋಡೆ ಮಾತ್ರ ಒಳ್ಳೆಯ ಆಯ್ಕೆ. 12 ಚದರ ಮೀಟರ್ ಗೋಡೆಗೆ 12 ಮಿಲಿಮೀಟರ್ ಪ್ಲೈವುಡ್ ಹಾಕಿದರೆ ಸುಮಾರು 85 ಕಿಲೋ. 40 ಮಿಲಿಮೀಟರ್ ದಪ್ಪದ ಗಟ್ಟಿ ಪಾಲಿಸ್ಟೈರೀನ್ ಹಲಗೆಯಾದರೆ 16 ಕಿಲೋ ಆಸುಪಾಸು. ಮೇಲೆ ಹತ್ತಿಯ ಕ್ಯಾನ್ವಾಸ್ ಬಟ್ಟೆ ಹಾಸಿ, ನೀರು ತಡೆಯುವ ಮರದ ಅಂಟನ್ನು ಸವರಿ, ಒಣಗಿದ ಮೇಲೆ ಎರಡು ಮೂರು ಕೈ ಬಣ್ಣ ಬಳಿದರೆ ಹೊರಮೈ ಗಟ್ಟಿಯಾಗುತ್ತದೆ. ಫೈಬರ್‌ಗ್ಲಾಸ್ ಹಾಕುವುದಾದರೆ ಎಪಾಕ್ಸಿಯನ್ನೇ ಬಳಸಿ. ಪಾಲಿಯೆಸ್ಟರ್ ರೆಸಿನ್ ತಾಗಿದರೆ ಈ ಫೋಮ್ ಬಿಸಿಲಿಗಿಟ್ಟ ಬೆಣ್ಣೆಯಂತೆ ಕರಗಿ ಕುಳಿ ಬೀಳುತ್ತದೆ. ಫೋಮ್‌ನಲ್ಲಿ ತಿರುಪು ನಿಲ್ಲುವುದಿಲ್ಲ. ಬಾಗಿಲಿನ ಕೀಲು, ದೀಪ, ಚಿಲಕ ಬರುವ ಕಡೆಯೆಲ್ಲ ಮೊದಲೇ ಮರದ ತುಂಡು ಕೂರಿಸಿ ಅಂಟಿಸಿ.

ಕೊಂಡಿ:
ಇಷ್ಟೊತ್ತು ಯಾರೂ ಮೂತಿಯ ಭಾರದ ಬಗ್ಗೆ, ಅಂದರೆ ಟ್ರೈಲರ್‌ನ ಮುಂತುದಿ ಕಾರಿನ ಕೊಂಡಿಯ ಮೇಲೆ ಹೇರುವ ತೂಕದ ಬಗ್ಗೆ, ಮಾತಾಡಲಿಲ್ಲ, ಅದು ನನಗೆ ಆತಂಕ ತಂದಿದೆ. ತೂಕ ಕಡಿಮೆ ಮಾಡುವ ಹುಮ್ಮಸ್ಸಿನಲ್ಲಿ ಮುಂಭಾಗವನ್ನು ಹಗುರ ಮಾಡಿ, ಅಡುಗೆ ಸಾಮಾನು, ನೀರಿನ ಕ್ಯಾನ್ ಎಲ್ಲವನ್ನೂ ಹಿಂದೆ ತುಂಬಿದರೆ ವೇಗ ಏರಿದಂತೆ ಟ್ರೈಲರ್ ಎಡಬಲಕ್ಕೆ ಬೀಸತೊಡಗುತ್ತದೆ. ಆ ಬೀಸಾಟಕ್ಕೆ ಕಾರೇ ಮಗುಚಬಹುದು. ಒಟ್ಟು ತೂಕದ ಶೇ 10ರಷ್ಟು ಕೊಂಡಿಯ ಮೇಲಿರಲಿ, ಕಾರಿನ ಕೈಪಿಡಿ ಹೇಳುವ ಮಿತಿ ಮೀರದಿರಲಿ. ಸುರಕ್ಷತಾ ಸರಪಳಿಗಳನ್ನು ಮೂತಿಯ ಕೆಳಗೆ ಅಡ್ಡಹಾಯಿಸಿ ಕಟ್ಟಿ. ಬ್ರೇಕು, ದೀಪ, ನೋಂದಣಿಯ ನಿಯಮ ನಿಮ್ಮ ಸಾರಿಗೆ ಕಚೇರಿಯಲ್ಲಿ ಮೊದಲೇ ಕೇಳಿ.

ಏರುದಾರಿ:
ಕೊಂಡಿ ಅವರ ಮಾತಿಗೆ ನನ್ನ ಪೂರ್ಣ ಬೆಂಬಲ. ಜೊತೆಗೆ ಆಕ್ಸಲ್ ಚೌಕಟ್ಟಿಗೆ ನೇರವಾಗಿದೆಯೇ ಎಂದು ಕೊಂಡಿಯಿಂದ ಎರಡೂ ಚಕ್ರಗಳ ನಡುವಿನವರೆಗೆ ಟೇಪು ಹಿಡಿದು ಅಳೆಯಿರಿ. ಸೊಟ್ಟಗಿದ್ದರೆ ಟೈರು ತೇಯುತ್ತ ಸಾಗುತ್ತದೆ, ಉಳಿಸಿದ ಇಂಧನವೆಲ್ಲ ಅಲ್ಲೇ ಹೋಗುತ್ತದೆ.

ದಾರಿಹೋಕ:
ಎಲ್ಲರಿಗೂ ವಂದನೆ. ಎತ್ತರವನ್ನು ಕಾರಿನ ಮಟ್ಟಕ್ಕೇ, 1.5 ಮೀಟರಿಗೆ ಇಳಿಸುತ್ತೇನೆ, ಅಂಚುಗಳು ದುಂಡು. ಉಕ್ಕಿನ ಚೌಕಟ್ಟು, ಫೋಮ್ ಗೋಡೆ. ಒಟ್ಟು 400 ಕಿಲೋ ಬರುವ ಅಂದಾಜು. ಕೊಂಡಿಯಿಂದ ಆಕ್ಸಲ್‌ಗೆ 3 ಮೀಟರ್ ಎಂದುಕೊಂಡಿದ್ದೇನೆ. ತೂಕಕ್ಕೆ ತಕ್ಕಂತೆ ಆಕ್ಸಲ್ ಸರಿಯಾಗಿ ಎಲ್ಲಿ ಬರಬೇಕು?

ಕೊಂಡಿ:
ನಿಮಗೆ ಕೊಂಡಿಯ ಮೇಲೆ 40 ಕಿಲೋ ಬೇಕು. 40ನ್ನು 3ರಿಂದ ಗುಣಿಸಿ 400ರಿಂದ ಭಾಗಿಸಿ, 0.3 ಬರುತ್ತದೆ. ಸಾಮಾನು ತುಂಬಿದ ಟ್ರೈಲರ್‌ನ ಗುರುತ್ವ ಕೇಂದ್ರ ಆಕ್ಸಲ್‌ಗಿಂತ 30 ಸೆಂಟಿಮೀಟರ್ ಮುಂದಿರಬೇಕು. ಆಕ್ಸಲನ್ನು ಈಗಲೇ ಬೆಸೆಯಬೇಡಿ, ಬೋಲ್ಟ್ ಹಾಕಿ. ಮೇಲುಕಟ್ಟು ಮುಗಿದು ಹಾಸಿಗೆ, ನೀರು, ಸಾಮಾನು ಎಲ್ಲವನ್ನೂ ತುಂಬಿದ ಮೇಲೆ ಮೂತಿಗೆ ಮರದ ಗೂಟ ಕೊಟ್ಟು, ಟ್ರೈಲರ್ ಮಟ್ಟವಾಗಿ ನಿಲ್ಲುವಂತೆ ಅದನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ನೋಡಿ. 40ಕ್ಕಿಂತ ಕಡಿಮೆ ತೋರಿಸಿದರೆ ಆಕ್ಸಲನ್ನು ಹಿಂದಕ್ಕೆ ಸರಿಸಿ.