ಶಿಫಾರಸು ಪತ್ರದ ದಿನ ಮೀರಿದೆ, ಗುರುಗಳನ್ನು ಮತ್ತೆ ಹೇಗೆ ಕೇಳಲಿ?

ಪ್ರಶ್ನೆ

ಸ್ನಾತಕೋತ್ತರ ಪದವಿಗಾಗಿ ಆರು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುತ್ತಿದ್ದೇನೆ. ಒಂದೊಂದಕ್ಕೂ ಮೂರು ಶಿಫಾರಸು ಪತ್ರಗಳು ಬೇಕು. ಇಬ್ಬರು ಗುರುಗಳು ಆಗಲೇ ಕಳುಹಿಸಿಕೊಟ್ಟಿದ್ದಾರೆ. ಮೂರನೆಯವರು ನನ್ನ ಪ್ರಾಜೆಕ್ಟಿನ ಮಾರ್ಗದರ್ಶಕರು. ಎರಡು ತಿಂಗಳ ಹಿಂದೆ ಕೇಳಿದಾಗ ಸಂತೋಷದಿಂದಲೇ ಒಪ್ಪಿಕೊಂಡು, ಮುಂದಿನ ತಿಂಗಳ ಕೊನೆಯೊಳಗೆ ಕಳುಹಿಸುತ್ತೇನೆ ಎಂದಿದ್ದರು. ಆ ದಿನ ಕಳೆದು ಹನ್ನೆರಡು ದಿನಗಳಾದವು. ಮೊದಲ ಗಡುವಿಗೆ ಉಳಿದಿರುವುದು ಒಂಬತ್ತೇ ದಿನ. ಕಳೆದ ವಾರ ಒಂದು ಮೇಲ್ ಹಾಕಿದೆ, ಉತ್ತರವಿಲ್ಲ. ಮತ್ತೆ ಕೇಳಿದರೆ ಅವರಿಗೆ ಬೇಸರವಾಗಿ, ಆ ಬೇಸರ ಪತ್ರದಲ್ಲಿ ಇಣುಕಿದರೆ ಗತಿಯೇನು ಎಂಬ ಭಯ ಕಾಡುತ್ತಿದೆ. ಈ ಹಂತ ದಾಟಿದವರು ದಯವಿಟ್ಟು ದಾರಿ ಹೇಳಿ.

ಪತ್ರ ಬರೆದುಕೊಡುವ ಅಧ್ಯಾಪಕಿ

ನಾನು ಮೇಜಿನ ಆ ಕಡೆ ಕುಳಿತವಳು. ವರ್ಷಕ್ಕೆ ಇಪ್ಪತ್ತು ಮೂವತ್ತು ಪತ್ರಗಳನ್ನಾದರೂ ಬರೆಯುತ್ತೇನೆ. ನೆನಪಿಸಿದ ಕಾರಣಕ್ಕೆ ಮುನಿಸಿಕೊಂಡು ಪತ್ರವನ್ನು ಸಪ್ಪೆ ಮಾಡಿದ ಸಹೋದ್ಯೋಗಿಯನ್ನು ನಾನು ಈವರೆಗೆ ಕಂಡಿಲ್ಲ. ವಿದ್ಯಾರ್ಥಿ ನೆನಪಿಸದೆ ಸುಮ್ಮನಿದ್ದು ಗಡುವು ತಪ್ಪಿದ್ದನ್ನು ಮಾತ್ರ ಕಂಡಿದ್ದೇನೆ. ಒಮ್ಮೆ ಆ ತಪ್ಪು ನನ್ನ ಕೈಯಿಂದಲೇ ಆಯಿತು.

ಆ ಹುಡುಗ ತುಂಬ ಸಂಕೋಚದವನು. ಮೂರು ಕಡೆ ಅರ್ಜಿ ಹಾಕಿದ್ದ. ಪ್ರತಿ ವಿಶ್ವವಿದ್ಯಾಲಯದ ಪೋರ್ಟಲಿನಿಂದಲೂ ನನಗೆ ಪ್ರತ್ಯೇಕ ಮೇಲ್ ಬರುತ್ತದೆ, ಒಳಗೆ ಪ್ರತ್ಯೇಕ ಕೊಂಡಿ. ಮೂರಕ್ಕೂ ವಿಷಯ ಸಾಲು ಹೆಚ್ಚುಕಡಿಮೆ ಒಂದೇ: ಇಂಥವರು ನಿಮ್ಮನ್ನು ಶಿಫಾರಸುದಾರರೆಂದು ಸೂಚಿಸಿದ್ದಾರೆ. ನಾನು ಎರಡು ಪತ್ರಗಳನ್ನು ಏರಿಸಿದೆ. ಮೂರನೆಯದನ್ನು ಹಳೆಯ ಮೇಲೇ ಮತ್ತೊಮ್ಮೆ ಬಂದಿದೆ ಎಂದು ತಿಳಿದು ಬಿಟ್ಟುಬಿಟ್ಟೆ. ಮನಸ್ಸಿನಲ್ಲಿ ಅವನ ಕೆಲಸ ಮುಗಿದಿತ್ತು. ಅವನ ಪರದೆಯ ಮೇಲೆ ಮಾತ್ರ ಮೂರನೆಯ ಸಾಲಿನಲ್ಲಿ ‘ಬಾಕಿ’ ಎಂದೇ ಇತ್ತು, ಮೂರು ವಾರ. ಮೇಡಂಗೆ ಗೊತ್ತಿಲ್ಲದೆ ಇರುತ್ತದೆಯೇ ಎಂದು ಅವನು ಕಾದ. ಗಡುವಿನ ಮರುದಿನ ಬಾಗಿಲ ಬಳಿ ಬಂದು ನಿಂತಾಗ ಅವನ ಮುಖ ನೋಡಿ ನನಗೆ ಎದೆ ಹಿಂಡಿದಂತಾಯಿತು. ನಿಮ್ಮ ಮಾರ್ಗದರ್ಶಕರ ಕಡೆಯೂ ಇಂಥದ್ದೇ ಏನೋ ಆಗಿರಬಹುದು. ಅವರಿಗೆ ಕಾಣುವುದು ಅವರ ಮೇಲ್ ಪೆಟ್ಟಿಗೆ, ನಿಮಗೆ ಕಾಣುವುದು ಪೋರ್ಟಲ್. ಎರಡನ್ನೂ ತಾಳೆ ನೋಡಬಲ್ಲವರು ನೀವೊಬ್ಬರೇ.

ಹಾಗಾಗಿ ಇವತ್ತೇ ಬರೆಯಿರಿ. ಹೊಸ ಮೇಲ್ ಬೇಡ. ಅವರು ಒಪ್ಪಿಕೊಂಡ ಹಳೆಯ ಮೇಲಿಗೇ ಮರುತ್ತರವಾಗಿ ಬರೆದರೆ ಅವರ ಮಾತೂ ಕೆಳಗೇ ಇರುತ್ತದೆ, ನೀವು ಅದನ್ನು ಎತ್ತಿ ತೋರಿಸಬೇಕಾಗಿಲ್ಲ. ನನಗೆ ಹೀಗೊಂದು ಮೇಲ್ ಬಂದರೆ ಆ ಗಳಿಗೆಯಲ್ಲೇ ಕೆಲಸಕ್ಕೆ ಕೈಹಾಕುತ್ತೇನೆ:

“ನಮಸ್ಕಾರ ಸರ್. ಮೊದಲ ವಿಶ್ವವಿದ್ಯಾಲಯಕ್ಕೆ ಪತ್ರ ಸೇರಲು ಇದೇ 21 ಕೊನೆಯ ದಿನ. ಇವತ್ತು ಬೆಳಿಗ್ಗೆ ಪೋರ್ಟಲಿನಲ್ಲಿ ನೋಡಿದಾಗ ನಿಮ್ಮ ಪತ್ರ ಇನ್ನೂ ಬಂದಿಲ್ಲವೆಂದು ತೋರಿಸುತ್ತಿದೆ. ಕೊಂಡಿ ನಿಮಗೆ ತಲುಪಿದೆಯೇ? ಇಲ್ಲವಾದರೆ ಇಂದೇ ಮತ್ತೆ ಕಳುಹಿಸುತ್ತೇನೆ. ಆರೂ ಅರ್ಜಿಗಳ ಗಡುವುಗಳನ್ನು ದಿನಾಂಕದ ಕ್ರಮದಲ್ಲಿ ಕೆಳಗೆ ಕೊಟ್ಟಿದ್ದೇನೆ. ಪ್ರಾಜೆಕ್ಟ್ ವರದಿ, ಅಂಕಪಟ್ಟಿ, ಉದ್ದೇಶ ಪತ್ರ ಲಗತ್ತಿಸಿದ್ದೇನೆ. ಈ ಬಾರಿ ನಿಮಗೆ ಬಿಡುವಾಗುವುದು ಕಷ್ಟವಿದ್ದರೆ ದಯವಿಟ್ಟು ತಿಳಿಸಿ, ನಾನು ಬೇರೆ ಏರ್ಪಾಡು ಮಾಡಿಕೊಳ್ಳುತ್ತೇನೆ.”

ಇಷ್ಟೇ. ಮೊದಲ ಸಾಲಿನಲ್ಲೇ ದಿನಾಂಕ ಇರಬೇಕು. ‘ತಮ್ಮ ಅಮೂಲ್ಯ ಸಮಯ ಹಾಳುಮಾಡುತ್ತಿರುವುದಕ್ಕೆ ಕ್ಷಮೆಯಿರಲಿ’ ಎಂದು ಮೂರು ಪ್ಯಾರಾ ಬರೆಯುವ ಮಕ್ಕಳಿದ್ದಾರೆ. ಮೊಬೈಲಿನಲ್ಲಿ ಓದುವಾಗ ಕೇಳಿಕೆಯೇ ಪರದೆಯಿಂದ ಕೆಳಗೆ ಹೋಗಿಬಿಡುತ್ತದೆ. ‘ತಾವು ಮರೆತಂತಿದೆ’ ಎಂಬ ಮಾತು ಬೇಡ. ‘ಪೋರ್ಟಲ್ ಹೀಗೆ ತೋರಿಸುತ್ತಿದೆ’ ಎಂದರೆ ಸಾಕು. ಅದು ನಿಜವೂ ಹೌದು, ಯಾರ ಮೇಲೂ ತಪ್ಪು ಹೊರಿಸಿದಂತೆಯೂ ಆಗುವುದಿಲ್ಲ. ಇನ್ನೊಂದು ಮಾತು, ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ: ಬೇಗ ಆಗಲಿ ಎಂದು ಗಡುವನ್ನು ಎರಡು ದಿನ ಹಿಂದಕ್ಕೆ ಸರಿಸಿ ಸುಳ್ಳು ದಿನಾಂಕ ಕೊಡಬೇಡಿ. ಪೋರ್ಟಲಿನ ಮೇಲಿನಲ್ಲಿ ನಿಜವಾದ ದಿನಾಂಕ ಇದ್ದೇ ಇರುತ್ತದೆ. ‘ನನಗೆ 18ರೊಳಗೆ ಸಿಕ್ಕರೆ ನೆಮ್ಮದಿ, ಕೊನೆಯ ದಿನ 21’ ಎಂದು ಎರಡನ್ನೂ ಬರೆದುಬಿಡಿ.

ಈಗ ಪಿಎಚ್‌ಡಿ ಮಾಡುತ್ತಿರುವವರು

ಮೇಲ್ ಬರೆಯುವ ಮೊದಲು ಐದು ನಿಮಿಷ ಪೋರ್ಟಲ್ ತೆರೆದು, ನೀವು ನಮೂದಿಸಿದ ಅವರ ವಿಳಾಸವನ್ನು ಒಂದೊಂದೇ ಅಕ್ಷರವಾಗಿ ಓದಿ. ನಾನು ಒಂದು ಅರ್ಜಿಯಲ್ಲಿ ಚುಕ್ಕಿಯೊಂದನ್ನು ಬಿಟ್ಟಿದ್ದೆ. ಆ ಮೇಲ್ ಎಲ್ಲಿಗೂ ಹೋಗಿರಲಿಲ್ಲ, ನಾನು ಮಾತ್ರ ಗುರುಗಳ ಮೌನಕ್ಕೆ ಏನೇನೋ ಅರ್ಥ ಹಚ್ಚಿ ನಿದ್ದೆಗೆಟ್ಟಿದ್ದೆ. ಎಷ್ಟೋ ಪೋರ್ಟಲುಗಳಲ್ಲಿ ಶಿಫಾರಸುದಾರರ ಹೆಸರಿನ ಪಕ್ಕದಲ್ಲೇ ಮತ್ತೆ ಕಳುಹಿಸುವ ಗುಂಡಿ ಇರುತ್ತದೆ. ಆದರೆ ಅದನ್ನು ದಿನಾ ಒತ್ತಬೇಡಿ. ಯಂತ್ರ ಕಳುಹಿಸುವ ಮೇಲುಗಳು ಸ್ಪ್ಯಾಮಿಗೆ ಬೀಳುವುದುಂಟು. ಒಮ್ಮೆ ಒತ್ತಿ, ಕೂಡಲೇ ನಿಮ್ಮ ವಿಳಾಸದಿಂದ ‘ಈಗಷ್ಟೇ ಕೊಂಡಿ ಬಂದಿರಬೇಕು, ಸ್ಪ್ಯಾಮ್ ಪೆಟ್ಟಿಗೆಯನ್ನೂ ಒಮ್ಮೆ ನೋಡುತ್ತೀರಾ’ ಎಂದು ಎರಡು ಸಾಲು ಬರೆಯಿರಿ.

ಕೆಲವು ಪೋರ್ಟಲುಗಳು ನೀವು ಅರ್ಜಿ ಸಲ್ಲಿಸಿ ಶುಲ್ಕ ಕಟ್ಟುವವರೆಗೂ ಶಿಫಾರಸುದಾರರಿಗೆ ಕೊಂಡಿಯನ್ನೇ ಕಳುಹಿಸುವುದಿಲ್ಲ. ನಿಮ್ಮ ಆರರಲ್ಲಿ ಅಂಥದ್ದು ಇದೆಯೇ ನೋಡಿ.

ಮೇಲಿಗೆ ಮೂರು ದಿನ ಉತ್ತರ ಬರದಿದ್ದರೆ ಕೊಠಡಿಗೇ ಹೋಗಿ. ನಾನು ಹೋದಾಗ ನನ್ನ ಗುರುಗಳು “ಅಯ್ಯೋ, ಕುಳಿತುಕೋ” ಎಂದು ನನ್ನ ಎದುರಿಗೇ ಲ್ಯಾಪ್‌ಟಾಪ್ ತೆರೆದರು. ಪತ್ರ ಹದಿನೈದು ದಿನಗಳ ಹಿಂದೆಯೇ ಬರೆದಾಗಿತ್ತು, ಏರಿಸುವುದಷ್ಟೇ ಬಾಕಿ.

ಪ್ರವೇಶ ವಿಭಾಗದಲ್ಲಿ ಕೆಲಸ ಮಾಡಿದವರು

ಪತ್ರ ಬರದಿದ್ದರೆ ನಿಮ್ಮ ಅರ್ಜಿಗೆ ನಿಜವಾಗಿ ಏನಾಗುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಎಲ್ಲ ಕಡೆಯೂ ಒಂದೇ ಲೆಕ್ಕವಿಲ್ಲ. ಪದವಿ ಪ್ರವೇಶದ ಎರಡು ದೊಡ್ಡ ವ್ಯವಸ್ಥೆಗಳನ್ನೇ ನೋಡಿ: ಬ್ರಿಟನ್ನಿನ ಯುಕಾಸ್‌ನಲ್ಲಿ ಶಿಫಾರಸು ಅರ್ಜಿಯದ್ದೇ ಒಂದು ಭಾಗ. ಅಮೆರಿಕದ ಕಾಮನ್ ಆಪ್‌ನಲ್ಲಿ ವಿದ್ಯಾರ್ಥಿ ಸಲ್ಲಿಸುವುದು ಬೇರೆ, ಶಿಕ್ಷಕರು ಸಲ್ಲಿಸುವುದು ಬೇರೆ. ಶಿಕ್ಷಕರ ಪತ್ರ ಬಾಕಿಯಿದ್ದರೂ ನಿಮ್ಮ ಭಾಗವನ್ನು ನೀವು ಕಳುಹಿಸಬಹುದು. ಸ್ನಾತಕೋತ್ತರ ವಿಭಾಗಗಳಲ್ಲಿ ಪ್ರತಿಯೊಂದರದ್ದೂ ತನ್ನದೇ ನಿಯಮ. ಹಲವು ವಿಭಾಗಗಳು ಪತ್ರಗಳಿಗೆ ಕೆಲವು ದಿನ ಹೆಚ್ಚು ಕೊಡುತ್ತವೆ, ಕೆಲವು ಒಂದು ಗಂಟೆಯನ್ನೂ ಕೊಡುವುದಿಲ್ಲ. ಊಹಿಸುತ್ತಾ ಕೂರದೆ ವಿಭಾಗಕ್ಕೇ ಬರೆದು ಕೇಳಿ: “ನನ್ನ ಅರ್ಜಿ ಗಡುವಿನೊಳಗೆ ಸಲ್ಲಿಕೆಯಾಗುತ್ತದೆ. ಮೂರರಲ್ಲಿ ಒಂದು ಪತ್ರ ತಡವಾಗಬಹುದು. ಎಷ್ಟು ದಿನದವರೆಗೆ ಸ್ವೀಕರಿಸುತ್ತೀರಿ?” ಹೀಗೆ ಕೇಳಿದವರ ಬಗ್ಗೆ ನಾವು ಯಾರೂ ಕೆಟ್ಟದಾಗಿ ಯೋಚಿಸಿದ್ದಿಲ್ಲ, ಅಂಥ ಮೇಲುಗಳು ಪ್ರತಿ ಗಡುವಿನ ವಾರದಲ್ಲೂ ರಾಶಿ ಬರುತ್ತಿದ್ದವು. ಪತ್ರ ತಡವೆಂದು ನಿಮ್ಮ ಅರ್ಜಿಯನ್ನು ಮಾತ್ರ ತಡೆಹಿಡಿಯಬೇಡಿ. ನಿಮ್ಮ ಪಾಲಿನದನ್ನು ದಿನಕ್ಕೆ ಮುಂಚೆಯೇ ಸಲ್ಲಿಸಿ.

ಗಡುವಿನ ವೇಳೆ ಸಾಮಾನ್ಯವಾಗಿ ವಿಶ್ವವಿದ್ಯಾಲಯ ಇರುವ ಜಾಗದ ಗಡಿಯಾರದ ಲೆಕ್ಕ. ಗುರುಗಳಿಗೆ ಬರೆಯುವಾಗ ಅವರ ಗಡಿಯಾರದ ವೇಳೆಗೆ ಬದಲಿಸಿ ಬರೆಯಿರಿ. ಆ ಲೆಕ್ಕವನ್ನು ಅವರ ತಲೆಗೆ ಬಿಡಬೇಡಿ.

ಕೊನೆಗಳಿಗೆಯಲ್ಲಿ ಶಿಫಾರಸುದಾರರನ್ನು ಬದಲಿಸಿದವರು

ಅಧ್ಯಾಪಕಿಯವರ ಮಾತೆಲ್ಲ ಒಪ್ಪುತ್ತೇನೆ, ಒಂದನ್ನು ಬಿಟ್ಟು. ‘ಕಷ್ಟವಿದ್ದರೆ ತಿಳಿಸಿ’ ಎಂದು ಬರೆದು ಕಾದರೆ ಸಾಲದು. ನಾನು ಹಾಗೆಯೇ ಬರೆದಿದ್ದೆ. ಅವರು ತುಂಬ ಒಳ್ಳೆಯವರು, ಒಳ್ಳೆಯವರಿಗೇ ‘ಆಗುವುದಿಲ್ಲ’ ಎನ್ನಲು ಬಾಯಿ ಬರುವುದಿಲ್ಲ. ‘ನಾಳೆ ಖಂಡಿತ’ ಎಂದು ನಾಲ್ಕು ಸಲ ಹೇಳಿದರು. ಅವರ ಮನೆಯಲ್ಲಿ ಕಾಯಿಲೆಯಿತ್ತು ಎಂದು ತಿಂಗಳಾದ ಮೇಲೆ ತಿಳಿಯಿತು. ಅದಕ್ಕೇ ಹೇಳುತ್ತೇನೆ, ಗಡುವಿಗೆ ಐದು ದಿನ ಇರುವಾಗಲೇ ಇನ್ನೊಬ್ಬರನ್ನು ಕೇಳಿಬಿಡಿ. ನಿಮ್ಮನ್ನು ಒಂದು ತರಗತಿಯಲ್ಲಾದರೂ ಹತ್ತಿರದಿಂದ ನೋಡಿದವರು ಸಾಕು. ಅವರಿಗೆ ನಿಜ ಹೇಳಿ: “ಒಬ್ಬರ ಪತ್ರ ಬರುವುದು ಅನುಮಾನವಾಗಿದೆ, ಕಡಿಮೆ ಸಮಯದಲ್ಲಿ ಕೇಳುತ್ತಿದ್ದೇನೆ, ನಿಮಗೆ ಸಾಧ್ಯವೇ?” ನಾನು ಕೇಳಿದ ಮೇಡಂ ಎರಡೇ ದಿನದಲ್ಲಿ ಬರೆದುಕೊಟ್ಟರು. ಕೆಲವು ಕಡೆ ಮೂರಕ್ಕಿಂತ ಹೆಚ್ಚು ಪತ್ರಗಳನ್ನು ಸ್ವೀಕರಿಸುತ್ತಾರೆ, ಹಾಗಿದ್ದರೆ ನಾಲ್ಕನೆಯವರ ಹೆಸರನ್ನು ಸೇರಿಸಿದರೆ ಮುಗಿಯಿತು, ಮೊದಲಿನವರನ್ನು ತೆಗೆಯಬೇಕಾಗಿಲ್ಲ. ತೆಗೆಯಲೇಬೇಕಾಗಿ ಬಂದರೆ ಅವರಿಗೆ ಮೊದಲು ನೀವೇ ತಿಳಿಸಿ. ಪೋರ್ಟಲ್ ತಾನಾಗಿ ಕಳುಹಿಸುವ ಮೇಲ್ ಮೂಲಕ ಆ ಸುದ್ದಿ ಅವರಿಗೆ ತಲುಪಬಾರದು.

ಅಧ್ಯಾಪಕಿ, ಮತ್ತೆ

ಮೇಲಿನ ತಿದ್ದುಪಡಿ ಸರಿಯಾಗಿದೆ, ಒಪ್ಪಿದೆ. ಒಂದು ಎಚ್ಚರಿಕೆ ಸೇರಿಸುತ್ತೇನೆ. ಪತ್ರ ಬರೆದಾಗಿದೆಯೋ ಇಲ್ಲವೋ ತಿಳಿಯಲು ‘ನನಗೂ ಒಂದು ಪ್ರತಿ ಕಳುಹಿಸಿ’ ಎಂದು ಕೇಳಬೇಡಿ. ಅಮೆರಿಕದ ಅರ್ಜಿಗಳಲ್ಲಿ ಪತ್ರವನ್ನು ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂಬ ಪ್ರಶ್ನೆ ಇರುತ್ತದೆ. ಅಲ್ಲಿನ 1974ರ ಶಿಕ್ಷಣ ದಾಖಲೆಗಳ ಕಾನೂನು ಆ ಹಕ್ಕನ್ನು ಕೊಟ್ಟಿದೆ. ನೀವು ಬಿಟ್ಟುಕೊಟ್ಟಿದ್ದೇನೆ ಎಂದು ಗುರುತು ಹಾಕಿದ್ದರೆ, ಪ್ರತಿ ಕೇಳುವುದು ಆ ಮಾತಿಗೆ ವಿರುದ್ಧವಾಗುತ್ತದೆ. ‘ಸೇರಿತೇ’ ಎಂದಷ್ಟೇ ಕೇಳಿ.

ಫೋನ್ ಮಾಡಬಹುದೇ ಎಂದು ಯಾರಾದರೂ ಕೇಳುತ್ತೀರಿ. ಅವರು ಮೊದಲೇ ಫೋನಿನಲ್ಲಿ ಮಾತನಾಡುವವರಾಗಿದ್ದರೆ, ಗಡುವಿಗೆ ಮೂರು ದಿನ ಇರುವಾಗ, ಕೆಲಸದ ವೇಳೆಯಲ್ಲಿ, ಒಮ್ಮೆ. ರಾತ್ರಿ ಹನ್ನೊಂದಕ್ಕೆ ವಾಟ್ಸ್ಆ್ಯಪ್‌ನಲ್ಲಿ ಮೂರು ಪ್ರಶ್ನೆಚಿಹ್ನೆ ಕಳುಹಿಸಿದರೆ ಮಾತ್ರ ನನಗೂ ಬೇಸರವಾಗುತ್ತದೆ.

ಪ್ರಶ್ನೆ ಕೇಳಿದವರು, ನಾಲ್ಕು ದಿನಗಳ ನಂತರ

ಎಲ್ಲರಿಗೂ ಕೈಮುಗಿಯುತ್ತೇನೆ. ಅಂದೇ ಪೋರ್ಟಲುಗಳನ್ನು ತೆರೆದು ನೋಡಿದೆ. ಆರರಲ್ಲಿ ಎರಡು ಅರ್ಜಿಗಳಲ್ಲಿ ನಾನು ಕೊಟ್ಟಿದ್ದು ಮಾರ್ಗದರ್ಶಕರು ಬಿಟ್ಟುಬಂದ ಹಳೆಯ ಸಂಸ್ಥೆಯ ವಿಳಾಸ. ಪ್ರಾಜೆಕ್ಟ್ ವರದಿಯ ಮೊದಲ ಪುಟದಿಂದ ನೋಡಿ ಬರೆದುಕೊಂಡಿದ್ದೆ. ಸರಿಪಡಿಸಿ, ಅಧ್ಯಾಪಕಿಯವರು ಕೊಟ್ಟ ಮಾದರಿಯಲ್ಲೇ ಮೇಲ್ ಬರೆದೆ. ಕಳುಹಿಸುವ ಗುಂಡಿ ಒತ್ತುವಾಗ ಕೈ ನಡುಗುತ್ತಿತ್ತು.

ಮರುದಿನ ಬೆಳಿಗ್ಗೆ ಉತ್ತರ ಬಂತು: “ಒಳ್ಳೆಯದಾಯಿತು ನೆನಪಿಸಿದ್ದು. ಎಲ್ಲ ಗಡುವುಗಳೂ ಮುಂದಿನ ತಿಂಗಳು ಎಂದುಕೊಂಡಿದ್ದೆ. ದಿನಾಂಕಗಳ ಪಟ್ಟಿ ಉಪಯೋಗಕ್ಕೆ ಬಂತು.” ಅವತ್ತು ಸಂಜೆಯೊಳಗೆ ನಾಲ್ಕು ಕಡೆ ಪತ್ರ ಸೇರಿತು, ಗಡುವು ಹತ್ತಿರವಿದ್ದುದೂ ಅದರಲ್ಲಿ ಒಂದು. ಹೊಸ ವಿಳಾಸಕ್ಕೆ ಹೋದ ಎರಡು ಕೊಂಡಿಗಳು ಈಗ ಅವರ ಕೈ ಸೇರಿವೆ, ಭಾನುವಾರ ಮಾಡುತ್ತೇನೆ ಎಂದಿದ್ದಾರೆ. ಸೋಮವಾರ ಬೆಳಿಗ್ಗೆ ಪೋರ್ಟಲ್ ನೋಡುತ್ತೇನೆ. ಅಲ್ಲಿಯವರೆಗೆ ಏನೂ ಬರೆಯುವುದಿಲ್ಲ, ಧನ್ಯವಾದದ ಎರಡು ಸಾಲು ಬಿಟ್ಟು.